ನಂಬರ್ ಸಿಕ್ಕಿತು, ಆಮೇಲೆ? ಗೆಳೆಯರ ಗ್ರೂಪಿನಿಂದ ನಂಬಿಕಸ್ಥ ಕೆಲಸದವರನ್ನು ಹುಡುಕುವ ಬಗೆ

"ಬದಿಯಡ್ಕದ ಹತ್ತಿರ ಒಳ್ಳೆ ಪ್ಲಂಬರ್ ಯಾರಾದರೂ ಇದ್ದರೆ ನಂಬರ್ ಕಳಿಸಿ." ವಾಟ್ಸಾಪ್ ಗ್ರೂಪಿನಲ್ಲಿ ಹೀಗೊಂದು ಮೆಸೇಜ್ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ಆರು ನಂಬರ್ ಬರುತ್ತವೆ. ಒಂದು ಸ್ವಿಚ್ ಆಫ್. ಒಬ್ಬರು ಗಲ್ಫಿಗೆ ಹೋಗಿ ಎರಡು ವರ್ಷ ಆಗಿದೆ. ಒಬ್ಬರು "ನಾಳೆ ಬರ್ತೇನೆ" ಅನ್ನುತ್ತಾರೆ, ಆ ನಾಳೆ ಬರುವುದೇ ಇಲ್ಲ. ಕೊನೆಗೂ ಬಂದ ಒಬ್ಬರು ಇದ್ದ ಸೋರಿಕೆಗೆ ಇನ್ನೊಂದು ಸೇರಿಸಿ, ದುಡ್ಡು ತೆಗೆದುಕೊಂಡು ಹೋಗುತ್ತಾರೆ.

ಗ್ರೂಪಿನವರನ್ನು ಬೈದು ಪ್ರಯೋಜನವಿಲ್ಲ. ನಾವು ಕೇಳಿದ್ದು ನಂಬರ್, ಅವರು ಕೊಟ್ಟದ್ದೂ ನಂಬರ್. "ಇವರು ನಮ್ಮ ಮನೆಯಲ್ಲಿ ಇಂಥ ಕೆಲಸ ಮಾಡಿದ್ದಾರೆ, ಎರಡು ವರ್ಷ ಆಯಿತು, ಇವತ್ತಿಗೂ ಸರಿ ಇದೆ" ಅಂತ ಯಾರಾದರೂ ಹೇಳಿದರೆ ಅದು ಶಿಫಾರಸು. ನಂಬರಿನಿಂದ ಶಿಫಾರಸಿಗೆ ಹೋಗುವ ದಾರಿ ಇಲ್ಲಿದೆ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಕುಂಬಳೆ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆ ಮನೆ, ತೋಟ ಇಟ್ಟುಕೊಂಡವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಇಲ್ಲಿ ಕೆಲಸದವರು ಮೂರ್ನಾಲ್ಕು ಭಾಷೆಯವರು, ಎರಡು ರಾಜ್ಯದವರು. ಬೆಂಗಳೂರಿನವರಿಗೆ ಹೇಳುವ ಉಪಾಯ ಎಲ್ಲವೂ ಇಲ್ಲಿ ನಡೆಯುವುದಿಲ್ಲ.

ಶುರು ಮಾಡುವ ಮೊದಲು

ಒಂದು ಫೋನ್, ಒಂದು ಹಳೆ ನೋಟ್‌ಬುಕ್, ಒಂದು ವಾರದ ಸಮಯ. ಸಮಯವೇ ಎಲ್ಲಕ್ಕಿಂತ ಮುಖ್ಯ. ನೀರು ಮಾಡಿನಿಂದ ಹಾಸಿಗೆಗೆ ಬೀಳುತ್ತಿರುವಾಗ ಯಾರೂ ವಿಚಾರಿಸಿ ಆರಿಸುವುದಿಲ್ಲ, ಮೊದಲು ಫೋನ್ ಎತ್ತಿದವರನ್ನೇ ಕರೆಯುತ್ತಾರೆ.

ಹಾಗಾಗಿ ಕೆಲಸದ ಕಾಲ ನೋಡಿ, ಅದಕ್ಕಿಂತ ಮುಂಚೆ ಹುಡುಕಿ. ಟೆರೇಸಿಗೆ ಶೀಟ್ ಹಾಕಿಸುವುದು, ಸೋರಿಕೆ ರಿಪೇರಿ, ಹಂಚು ಬದಲಿಸುವುದು ಇವಕ್ಕೆ ಡಿಸೆಂಬರ್, ಜನವರಿಯಲ್ಲೇ ಕೇಳಲು ಶುರು ಮಾಡಬೇಕು. ಏಪ್ರಿಲ್, ಮೇಯಲ್ಲಿ ಊರಿಗೆ ಊರೇ ಅವರ ಹಿಂದೆ ಇರುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು ಬಿಡುವವರ ಕಥೆಯೂ ಅದೇ. ಮೊದಲ ಮದ್ದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು ಅದಾಗಿ 40–45 ದಿನಕ್ಕೆ. ಎಲ್ಲರ ತೋಟಕ್ಕೂ ಒಂದೇ ಸಲ ಅವರು ಬೇಕು. ಪಂಪಿನ ಮೋಟರ್ ವೈಂಡಿಂಗ್ ಮಾಡುವವರನ್ನು ಮಾರ್ಚಿನಲ್ಲಿ ಹುಡುಕಿದರೆ ತಡವಾಯಿತು ಅಂತಲೇ ಲೆಕ್ಕ.

ಹಂತ 1: ಏನು ಕೆಲಸ ಅಂತ ನೀವೇ ಮೊದಲು ತಿಳಿದುಕೊಳ್ಳಿ

"ಮನೆ ಕೆಲಸಕ್ಕೆ ಒಳ್ಳೆಯವರು ಬೇಕು" ಅಂದರೆ ಬಣ್ಣದವರೂ ಬರುತ್ತಾರೆ, ಮೇಸ್ತ್ರಿಯೂ ಬರುತ್ತಾರೆ, ಟೈಲ್ಸ್ ಹಾಕುವವರೂ ಬರುತ್ತಾರೆ. ಎಲ್ಲರೂ "ಆಗುತ್ತದೆ" ಅನ್ನುತ್ತಾರೆ.

ನಾಲ್ಕು ಫೋಟೋ ತೆಗೆಯಿರಿ, ಎರಡು ದೂರದಿಂದ, ಎರಡು ಹತ್ತಿರದಿಂದ. ಶಬ್ದ ಬರುವ ಯಂತ್ರವಾದರೆ ಅರ್ಧ ನಿಮಿಷದ ವಿಡಿಯೋ. ಅಳತೆ ಇದ್ದರೆ ಅಳತೆ. ತೊಂದರೆ ಯಾವಾಗಿನಿಂದ, ಮೊದಲು ಯಾರಾದರೂ ಮುಟ್ಟಿದ್ದಾರಾ, ಅದನ್ನೂ ಬರೆದಿಡಿ. ಈ ಹತ್ತು ನಿಮಿಷದ ಕೆಲಸ ಮುಂದೆ ಎಲ್ಲ ಹಂತದಲ್ಲೂ ಉಪಯೋಗಕ್ಕೆ ಬರುತ್ತದೆ.

ಹಂತ 2: ಹಳೆ ಚಾಟ್ ಹುಡುಕಿ

ನಿಮ್ಮ ಪ್ರಶ್ನೆಯನ್ನು ಬೇರೆ ಯಾರೋ ಮೊದಲೇ ಕೇಳಿರುತ್ತಾರೆ. ವಾಟ್ಸಾಪಿನ ಮೊದಲ ಪರದೆಯ ಮೇಲ್ಗಡೆ ಇರುವ ಹುಡುಕುವ ಜಾಗದಲ್ಲಿ ಟೈಪ್ ಮಾಡಿದರೆ ಎಲ್ಲ ಚಾಟ್‌ಗಳಲ್ಲೂ ಹುಡುಕುತ್ತದೆ. ಫೇಸ್‌ಬುಕ್ ಗ್ರೂಪಿನ ಒಳಗೂ ಹಾಗೆಯೇ ಭೂತಗನ್ನಡಿ ಚಿಹ್ನೆ ಇದೆ.

ಇಲ್ಲಿ ನಮ್ಮ ಊರಿನ ಒಂದು ತೊಡಕು ಇದೆ. ಒಂದೇ ಗ್ರೂಪಿನಲ್ಲಿ ಒಬ್ಬರು ಕನ್ನಡದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಮಲಯಾಳದಲ್ಲಿ, ಮತ್ತೊಬ್ಬರು ತುಳುವನ್ನು ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ 'ಪ್ಲಂಬರ್' ಅಂತ ಹುಡುಕಿದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಸಿಗುವುದಿಲ್ಲ. ಆದ್ದರಿಂದ ಒಂದೇ ಪದವನ್ನು ಮೂರು ಲಿಪಿಯಲ್ಲಿ ಹುಡುಕಿ. ಮಲಯಾಳ ಟೈಪ್ ಮಾಡಲು ಬಾರದಿದ್ದರೆ ಫೋನಿನ ಕೀಬೋರ್ಡಿನಲ್ಲಿ ಆ ಭಾಷೆ ಸೇರಿಸಿ, ಮೈಕ್ ಒತ್ತಿ ಬಾಯಲ್ಲಿ ಹೇಳಿದರೂ ಆಗುತ್ತದೆ.

ಊರಿನ ಹೆಸರಿಗೂ ಇದೇ ಮಾತು. ನಾವು ಕುಂಬಳೆ ಅನ್ನುತ್ತೇವೆ, ಬೋರ್ಡಿನಲ್ಲಿ ಕುಂಬಳ. ನಮಗೆ ಹೊಸದುರ್ಗ, ಬಸ್ಸಿನವರಿಗೆ ಕಾಞಂಗಾಡ್. ಗೂಗಲ್ ಮ್ಯಾಪಿನಲ್ಲಿ ಒಂದು ಸ್ಪೆಲ್ಲಿಂಗ್‌ಗೆ ಏನೂ ಸಿಗದಿದ್ದರೆ ಇನ್ನೊಂದು ಹಾಕಿ ನೋಡಿ.

ಸಿಕ್ಕಿದ ಹಳೆ ಮೆಸೇಜಿನ ತಾರೀಕು ನೋಡಲು ಮರೆಯಬೇಡಿ. ನಾಲ್ಕು ವರ್ಷ ಹಳೆಯ ಶಿಫಾರಸಿನಲ್ಲಿ ಒಳ್ಳೆಯವರು ಇರಬಹುದು, ಅದೇ ನಂಬರ್ ಇರುತ್ತದೆ ಅಂತ ಇಲ್ಲ.

ಹಂತ 3: ಯಾರನ್ನು ಕೇಳಬೇಕು ಅಂತ ಆರಿಸಿ

ದೊಡ್ಡ ಗ್ರೂಪ್ ಅಂದರೆ ಒಳ್ಳೆ ಉತ್ತರ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವ ಉಲ್ಟಾ. ಐನೂರು ಜನ ಇರುವ ಗ್ರೂಪಿನಲ್ಲಿ ಉತ್ತರ ಕೊಡುವವನಿಗೆ ನಿಮ್ಮ ಮುಖ ಗೊತ್ತಿಲ್ಲ. ಕೆಲಸ ಕೆಟ್ಟರೆ ಅವನಿಗೇನೂ ಇಲ್ಲ. ನಿಮ್ಮ ಅಜ್ಜನ ಮನೆ ಕಡೆಯ ಮೂವತ್ತು ಜನರ ಗ್ರೂಪಿನಲ್ಲಿ ಹಾಗಲ್ಲ. ಮುಂದಿನ ಪೂಜೆಗೋ ಮದುವೆಗೋ ನೀವಿಬ್ಬರೂ ಒಂದೇ ಹಂತಿಯಲ್ಲಿ ಊಟಕ್ಕೆ ಕೂರುವವರು. ಅವರು ಯೋಚಿಸಿ ಹೇಳುತ್ತಾರೆ.

ನಾನು ಹೋಗುವ ಕ್ರಮ ಹೀಗೆ. ಮೊದಲು, ಇದೇ ಕೆಲಸವನ್ನು ಇತ್ತೀಚೆಗೆ ಮಾಡಿಸಿದ್ದಾರೆ ಅಂತ ಗೊತ್ತಿರುವ ಮೂರು ನಾಲ್ಕು ಜನಕ್ಕೆ ನೇರ ಮೆಸೇಜ್. ಆಮೇಲೆ ಕುಟುಂಬದ ಗ್ರೂಪ್, ಹಳೆ ಕ್ಲಾಸ್‌ಮೇಟ್‌ಗಳ ಗ್ರೂಪ್. ಆಮೇಲೆ ವಾರ್ಡಿನದ್ದೋ ಊರಿನದ್ದೋ ಗ್ರೂಪ್. ಫೇಸ್‌ಬುಕ್ ಕೊನೆಗೆ. ಎಲ್ಲ ಕಡೆ ಒಂದೇ ಸಲ ಹಾಕಿದರೆ ನಂಬರ್‌ಗಳ ರಾಶಿ ಬಿದ್ದು, ಯಾವುದು ಯಾರು ಕೊಟ್ಟದ್ದು ಅಂತಲೇ ತಿಳಿಯುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಲಸ ನಡೆಯುವಾಗ ಮನೆಯಲ್ಲಿ ಇದ್ದವರನ್ನು ಕೇಳಿ. ನಮ್ಮ ಕಡೆ ಬಹಳ ಮನೆಗಳಲ್ಲಿ ದುಡ್ಡು ಕೊಡುವವರು ದುಬಾಯಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. "ಸೂಪರ್ ಕೆಲಸ" ಅಂತ ಅಲ್ಲಿಂದ ಬರೆಯುತ್ತಾರೆ, ನೋಡಿದ್ದು ಫೋಟೋ ಮಾತ್ರ. ಕೆಲಸದವರು ಎಷ್ಟು ಗಂಟೆಗೆ ಬಂದರು, ಎಷ್ಟು ದಿನ ಕೈಕೊಟ್ಟರು, ಸಿಮೆಂಟ್ ಎಲ್ಲೆಲ್ಲಿ ಚೆಲ್ಲಿದರು, ಇದೆಲ್ಲ ಗೊತ್ತಿರುವುದು ಊರಿನಲ್ಲಿದ್ದ ಅಮ್ಮನಿಗೆ, ಅತ್ತಿಗೆಗೆ. ಅವರು ಗ್ರೂಪಿನಲ್ಲಿ ಬರೆಯದೇ ಇರಬಹುದು. ಫೋನ್ ಮಾಡಿ, ಅರ್ಧ ಗಂಟೆ ಮಾತಾಡುತ್ತಾರೆ.

ಹಂತ 4: ಪ್ರಶ್ನೆಯನ್ನು ಸರಿಯಾಗಿ ಬರೆಯಿರಿ

"ಒಳ್ಳೆಯವರು ಯಾರಾದರೂ ಇದ್ದಾರಾ?" ಅಂದರೆ ಏನು ಬೇಕಾದರೂ ಉತ್ತರ ಆಗುತ್ತದೆ. ಅದರ ಬದಲು ಹೀಗೆ ಬರೆದು ನೋಡಿ:

"ಪೆರ್ಲದಿಂದ 3 ಕಿಲೋಮೀಟರ್ ಒಳಗೆ ಮನೆ. 15 ವರ್ಷ ಹಳೆಯ ಟೆರೇಸ್, ಸುಮಾರು 900 ಚದರ ಅಡಿ. ಅಡುಗೆಮನೆಯ ಮೂಲೆಯಲ್ಲಿ ಸೋರುತ್ತದೆ, ಫೋಟೋ ಹಾಕಿದ್ದೇನೆ. ನಿಮ್ಮ ಸ್ವಂತ ಮನೆಯ ಟೆರೇಸ್ ರಿಪೇರಿ ಮಾಡಿಸಿ, ಆಮೇಲೆ ಒಂದು ಮಳೆಗಾಲವಾದರೂ ಕಳೆದಿದ್ದರೆ ದಯವಿಟ್ಟು ಹೇಳಿ. ಯಾರು ಮಾಡಿದ್ದು, ಏನು ಮಾಡಿದರು, ಈಗ ಹೇಗಿದೆ? ಸ್ವಂತ ಮಾಡಿಸದೆ ನಂಬರ್ ಮಾತ್ರ ಇದ್ದರೆ ಸದ್ಯಕ್ಕೆ ಬೇಡ."

ಕೊನೆಯ ವಾಕ್ಯ ಸ್ವಲ್ಪ ಒರಟು ಅನಿಸಬಹುದು. ತೆಗೆಯಬೇಡಿ. ಅದೊಂದು ಇಲ್ಲದಿದ್ದರೆ ಮತ್ತೆ ಆರು ನಂಬರ್ ಬರುತ್ತವೆ. ಉತ್ತರ ಕಡಿಮೆ ಬರುತ್ತದೆ, ಎರಡೋ ಮೂರೋ. ಸಾಕು.

'ಒಂದು ಮಳೆಗಾಲ' ಅನ್ನುವುದೂ ಸುಮ್ನೆ ಸೇರಿಸಿದ್ದಲ್ಲ. ಫೆಬ್ರವರಿಯಲ್ಲಿ ಮಾಡಿದ ಸೋರಿಕೆ ರಿಪೇರಿಗೆ ಏಪ್ರಿಲಿನಲ್ಲಿ ಸಿಗುವ ಹೊಗಳಿಕೆಗೆ ಬೆಲೆಯೇ ಇಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ನೋಡಿ ಬಂದ ಕೆಲಸಕ್ಕೆ ಮಾತ್ರ ಮಾರ್ಕ್ ಹಾಕಬಹುದು. ಅದೇ ರೀತಿ ಇನ್ವರ್ಟರಿಗೆ ಒಂದು ಸಿಡಿಲಿನ ಕಾಲ, ಪಂಪಿಗೆ ಒಂದು ಬೇಸಿಗೆ. ಯಾವ ಕೆಲಸಕ್ಕೆ ಪರೀಕ್ಷೆ ಯಾವಾಗ ಅಂತ ಯೋಚಿಸಿ, ಅದು ದಾಟಿದವರನ್ನೇ ಕೇಳಿ.

ಪೋಲ್ ಹಾಕಬೇಡಿ. "ಎ ಬೆಸ್ಟೋ ಬಿ ಬೆಸ್ಟೋ" ಅಂತ ಕೇಳಿದರೆ ಇಬ್ಬರನ್ನೂ ಕಾಣದವರೂ ಬೆರಳು ಒತ್ತುತ್ತಾರೆ.

ಹಂತ 5: ಬಂದ ಉತ್ತರಗಳನ್ನು ಜರಡಿ ಹಿಡಿಯಿರಿ

ಜಾಸ್ತಿ ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ.

ಕೆಲವು ವರ್ಷದ ಹಿಂದೆ ನಮ್ಮ ಟೆರೇಸ್ ಸೋರಲು ಶುರುವಾಯಿತು. ಗ್ರೂಪಿನಲ್ಲಿ ಕೇಳಿದೆ. ಮೂರು ಜನ, ಮೂವರೂ ನನಗೆ ಬೇಕಾದವರು, ಒಂದೇ ಹೆಸರು ಹೇಳಿದರು. ಮೂರು ಬಾಯಲ್ಲಿ ಒಂದೇ ಮಾತು ಬಂದ ಮೇಲೆ ಇನ್ನೇನು ವಿಚಾರಿಸುವುದು ಅಂತ ಕರೆಸಿದೆ. ಆತ ಬಂದು ಏನೋ ಬಳಿದು ಹೋದ. ಜುಲೈಯಲ್ಲಿ ಮೊದಲಿನ ಜಾಗದ ಜೊತೆ ಹೊಸದಾಗಿ ಎರಡು ಕಡೆ ಸೋರಿತು. ಆಮೇಲೆ ಕೂತು ಒಬ್ಬೊಬ್ಬರನ್ನೇ ಕೇಳಿದರೆ, ಮೊದಲನೆಯವರಿಗೆ ನಂಬರ್ ಕೊಟ್ಟದ್ದು ಎರಡನೆಯವರು. ಮೂರನೆಯವರಿಗೂ ಅವರೇ. ಎರಡನೆಯವರ ಮನೆಯಲ್ಲಿ ಆತ ಮಾಡಿದ್ದು ಗೋಡೆಗೆ ಬಣ್ಣ. ಬಣ್ಣ ಬಳಿಯುವುದರಲ್ಲಿ ಆತ ನಿಜಕ್ಕೂ ಒಳ್ಳೆಯವನೇ. ಟೆರೇಸ್ ಕೆಲಸ ಮಾಡಿಸಿದವರು ಮೂವರಲ್ಲಿ ಒಬ್ಬರೂ ಇರಲಿಲ್ಲ.

ಅವತ್ತಿನಿಂದ ಪ್ರತಿ ಹೆಸರಿಗೂ ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯುತ್ತೇನೆ: ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು, ಅವರಲ್ಲಿ ಯಾವ ಕೆಲಸ ಮಾಡಿದ್ದು. ಒಂದೇ ಹೆಸರು ಹೇಳಿದ ಇಬ್ಬರ ಮಾತಿನ ಬೇರು ಒಂದೇ ಅಂತ ಗೊತ್ತಾದರೆ ಅದನ್ನು ಒಂದೇ ಶಿಫಾರಸು ಅಂತ ಎಣಿಸಬೇಕು. ಬೇರೆ ಬೇರೆ ಬೇರಿನ ಎರಡು ಸಿಕ್ಕಿದರೆ ಮುಂದೆ ಹೋಗಬಹುದು.

ಮೆಸೇಜಿನ ಮೇಲೆ 'ಫಾರ್ವರ್ಡೆಡ್' ಅಂತ ಇದೆಯಾ ನೋಡಿ. ಜೋಡಿ ಬಾಣದ ಗುರುತು ಇದ್ದರೆ ಅದು ಐದೋ ಅದಕ್ಕಿಂತ ಹೆಚ್ಚೋ ಕೈ ದಾಟಿ ಬಂದದ್ದು. ಅದು ಜಾಹೀರಾತು, ಶಿಫಾರಸು ಅಲ್ಲ.

ಇನ್ನು ನಮ್ಮ ದಾಕ್ಷಿಣ್ಯದ ವಿಷಯ. ಗ್ರೂಪಿನಲ್ಲಿ ಯಾರೂ ಯಾರ ಬಗ್ಗೆಯೂ ಕೆಟ್ಟದ್ದು ಬರೆಯುವುದಿಲ್ಲ. ಆ ಮೇಸ್ತ್ರಿಯ ಅಣ್ಣನೋ ಮಾವನೋ ಅದೇ ಗ್ರೂಪಿನಲ್ಲಿ ಇರುತ್ತಾರೆ ಅಲ್ವಾ. ಹಾಗಾಗಿ ಬರೆದದ್ದಕ್ಕಿಂತ ಬರೆಯದ್ದನ್ನು ಓದಲು ಕಲಿಯಬೇಕು. "ಪರ್ವಾಗಿಲ್ಲ" ಅಂದರೆ ಬೇಡ ಅಂತಲೇ ಅರ್ಥ. "ಜನ ಒಳ್ಳೆಯವರು" ಅಂತ ಬರೆದು ಕೆಲಸದ ಬಗ್ಗೆ ಏನೂ ಹೇಳದಿದ್ದರೆ, ಕೆಲಸದಲ್ಲಿ ಏನೋ ಇದೆ. ಅವರಿಂದ ಕೆಲಸ ಮಾಡಿಸಿದ್ದಾರೆ ಅಂತ ನಿಮಗೆ ಗೊತ್ತಿರುವ ಒಬ್ಬರು ಬಾಯಿ ಬಿಡದೆ ಇದ್ದರೆ, ಮೊದಲು ಕೇಳಬೇಕಾದ್ದು ಅವರನ್ನೇ.

ಕೇಳುವುದು ಗ್ರೂಪಿನಲ್ಲಲ್ಲ, ಖಾಸಗಿಯಾಗಿ. ಬರೆದು ಕೇಳುವುದಕ್ಕಿಂತ ಫೋನ್ ವಾಸಿ. ಬರೆದದ್ದರ ಸ್ಕ್ರೀನ್‌ಶಾಟ್ ಆಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. "ಭಾವ, ಕಳೆದ ವರ್ಷ ನಿಮ್ಮಲ್ಲಿ ಶೀಟ್ ಹಾಕಿಸಿದ್ರಲ್ಲ, ನಾವೂ ಹಾಕಿಸುವ ಅಂತ ಇದ್ದೇವೆ" ಅಂತ ಶುರು ಮಾಡಿದರೆ ಸಾಕು. ಮಾತಿನ ನಡುವೆ ಇಷ್ಟನ್ನು ಕೇಳಿಬಿಡಿ:

ಮೊದಲು ಹೇಳಿದ ರೇಟಿಗೂ ಕೊನೆಗೆ ಕೊಟ್ಟ ದುಡ್ಡಿಗೂ ಎಷ್ಟು ವ್ಯತ್ಯಾಸ ಬಂತು?

ಹೇಳಿದ ದಿನಕ್ಕೆ ಮುಗಿಸಿದರಾ, ನಡುವೆ ಬೇರೆ ಮನೆಗೆ ಓಡಿದರಾ?

ಆಮೇಲೆ ಏನಾದರೂ ತೊಂದರೆ ಬಂದಾಗ ಫೋನ್ ಎತ್ತಿದರಾ?

ಇನ್ನೊಂದು ಸಲ ಅವರನ್ನೇ ಕರೆಯುತ್ತೀರಾ?

ಕೊನೆಯ ಪ್ರಶ್ನೆಗೆ ಉತ್ತರ ತಡವಾದರೆ ಆ ಹೆಸರಿಗೆ ಗೆರೆ ಎಳೆಯಿರಿ. ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮೇಲಿನದು. ತಪ್ಪು ಯಾರ ಕೆಲಸದಲ್ಲೂ ಬರುತ್ತದೆ, ಬಂದಾಗ ಫೋನ್ ಎತ್ತಿ ವಾಪಸ್ ಬಂದು ಸರಿ ಮಾಡಿದವರು ಮುತ್ತಿನಂಥವರು. "ತೊಂದರೆಯೇ ಬರಲಿಲ್ಲ" ಅನ್ನುವವರ ಶಿಫಾರಸಿಗಿಂತ "ತೊಂದರೆ ಬಂತು, ಮರುದಿನವೇ ಬಂದು ಸರಿ ಮಾಡಿದರು" ಅನ್ನುವುದನ್ನು ನಾನು ಜಾಸ್ತಿ ನಂಬುತ್ತೇನೆ.

ಸಂಬಂಧವನ್ನೂ ಮುಲಾಜಿಲ್ಲದೆ ಕೇಳಿ. "ನಿಮಗೆ ಅವರು ಏನಾಗಬೇಕು?" ನೆಂಟರು ಅಂದ ಮಾತ್ರಕ್ಕೆ ಬಿಡಬೇಕಿಲ್ಲ. ಆದರೆ ನೆಂಟರ ಮಾತನ್ನು ಅರ್ಧ ಶಿಫಾರಸು ಅಂತ ಎಣಿಸಿ. ನೆಂಟರ ನೆಂಟರಿಂದ ಕೆಲಸ ಮಾಡಿಸಿದರೆ ಜಗಳಾಡುವ ಹಕ್ಕನ್ನೂ ಕಳೆದುಕೊಳ್ಳುತ್ತೀರಿ ಅನ್ನುವುದು ನೆನಪಿರಲಿ.

ಹಂತ 6: ಫೋನಿನಲ್ಲೇ ಆಗುವ ಪರೀಕ್ಷೆ

ಈಗ ಎರಡು ಮೂರು ಹೆಸರು ಉಳಿದಿರುತ್ತವೆ. ಅಂಗಡಿಯೋ ಕಂಪನಿಯೋ ಆಗಿದ್ದರೆ ಗೂಗಲ್ ಮ್ಯಾಪಿನಲ್ಲಿ ನೋಡಿ. ಸ್ಟಾರ್ ಎಷ್ಟು ಅಂತ ನೋಡಿ ಮುಚ್ಚಿಡಬೇಡಿ. ರಿವ್ಯೂಗಳನ್ನು ಹೊಸದರಿಂದ ಜೋಡಿಸಿ, ಆಮೇಲೆ ಕಡಿಮೆ ಸ್ಟಾರಿನಿಂದ ಜೋಡಿಸಿ ಓದಿ. ಒಂದೇ ವಾರದಲ್ಲಿ ಹತ್ತು ಐದು-ಸ್ಟಾರ್, ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ ಅಂದರೆ ಮನೆಯವರೇ ಬರೆದದ್ದು. ಬರೆದವರ ಹೆಸರು ಒತ್ತಿದರೆ ಬೇರೆ ಎಲ್ಲೆಲ್ಲಿ ಬರೆದಿದ್ದಾರೆ ಅಂತ ಕಾಣುತ್ತದೆ. ಉಪ್ಪಳದ ಒಂದು ಅಂಗಡಿ, ಇನ್ನು ಯಾವುದೋ ದೂರದ ಊರಿನ ಮೂವತ್ತು ಹೋಟೆಲ್ ಅಂತ ಇದ್ದರೆ ಬಿಡಿ.

ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಅದರ ಮೊದಲ ಎರಡು ಅಂಕಿ ರಾಜ್ಯದ್ದು. ಕೇರಳಕ್ಕೆ 32, ಕರ್ನಾಟಕಕ್ಕೆ 29. "ನಮ್ಮದು ಕಾಸರಗೋಡಿನಲ್ಲೇ ಆಫೀಸ್" ಅಂತ ಹೇಳಿ 29ರ ಬಿಲ್ ಕೊಟ್ಟರೆ, ಆಫೀಸ್ ಎಲ್ಲಿ ಅಂತ ಕೇಳಿ. ಜಿಎಸ್‌ಟಿ ಜಾಲತಾಣದಲ್ಲಿ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಈಗಲೂ ಚಾಲ್ತಿಯಲ್ಲಿ ಇದೆಯಾ ಅಂತ ಯಾರು ಬೇಕಾದರೂ ನೋಡಬಹುದು. ಒಬ್ಬರೇ ಬಂದು ದುಡಿಯುವ ಪ್ಲಂಬರಿಗೋ ಆಚಾರಿಗೋ ಜಿಎಸ್‌ಟಿ ಇಲ್ಲದೆ ಇರುವುದು ಸಹಜ, ಅದನ್ನು ಕುಂದು ಅಂತ ಎಣಿಸಬೇಡಿ.

ವಯರಿಂಗ್ ಬೇರೆ ವಿಷಯ. ಕೇರಳದಲ್ಲಿ ಇದಕ್ಕೆ ವಯರ್‌ಮನ್ ಪರ್ಮಿಟ್ ಇದೆ, ರಾಜ್ಯದ ಲೈಸೆನ್ಸಿಂಗ್ ಬೋರ್ಡ್ ಕೊಡುವುದು. "ಪರ್ಮಿಟ್ ಉಂಟಾ?" ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಇದ್ದವರು ಹೆಮ್ಮೆಯಿಂದ ತೋರಿಸುತ್ತಾರೆ.

ಹಂತ 7: ಕೆಲಸ ನೋಡಿ ಬನ್ನಿ

ಐವತ್ತು ಸಾವಿರಕ್ಕೆ ಮೇಲಿನ ಕೆಲಸವಾದರೆ ಅವರು ಮೊದಲು ಮಾಡಿದ ಒಂದು ಮನೆಯನ್ನಾದರೂ ಕಣ್ಣಾರೆ ನೋಡಬೇಕು. ಅವರೇ ತೋರಿಸುವ ಮನೆ ಬೇಡ, ನಿಮ್ಮ ಗೆಳೆಯರು ಹೇಳಿದ ಮನೆ. ಒಂದು ಚಹಾ ಕುಡಿದು ಬರುವಷ್ಟು ಸಮಯ ಸಾಕು.

ಶೀಟ್ ಮಾಡಾದರೆ ಸ್ಕ್ರೂ ಹಾಕಿದ ಕಡೆ ತುಕ್ಕಿನ ಗೆರೆ ಇಳಿದಿದೆಯಾ, ಗಾಳಿಗೆ ಬಡಿಯುತ್ತದೆಯಾ ನೋಡಿ. ಟೈಲ್ಸ್ ಆದರೆ ನಾಣ್ಯದಿಂದ ಮೆಲ್ಲಗೆ ತಟ್ಟಿ, ಟೊಳ್ಳು ಶಬ್ದ ಬಂದರೆ ಅಡಿಯಲ್ಲಿ ಗಾರೆ ಸರಿ ಕೂತಿಲ್ಲ. ಬಾತ್‌ರೂಮಿಗೆ ಒಂದು ಚೆಂಬು ನೀರು ಸುರಿದು ಹರಿದು ಹೋಗುತ್ತದೆಯಾ ನೋಡಿ. ಕೆಂಪುಕಲ್ಲಿನ ಗೋಡೆಯಾದರೆ ಬುಡದಲ್ಲಿ ತೇವ ಏರಿದೆಯಾ ನೋಡಿ. ಮನೆಯವರಿಗೆ ಇದರಿಂದ ಬೇಜಾರಾಗುವುದಿಲ್ಲ. ತಮ್ಮ ಮನೆ ತೋರಿಸುವುದು ಎಲ್ಲರಿಗೂ ಖುಷಿಯೇ.

ಹಂತ 8: ಗಡಿಯ ಲೆಕ್ಕ ಹಾಕಿ

ಮಂಗಳೂರಿನವರು ಮೇಲು ಅನ್ನುವ ಒಂದು ಭಾವನೆ ನಮ್ಮಲ್ಲಿ ಇದೆ. ಕೆಲವು ಕೆಲಸಕ್ಕೆ ನಿಜ. ಆದರೆ ಹಾಕಿಸುವಾಗ ಗಡಿಯ ತಲಪಾಡಿ ದಾಟಿ ನಗುತ್ತಾ ಬಂದವರು, ರಿಪೇರಿಗೆ ಕರೆದಾಗ ಅದೇ ತಲಪಾಡಿಯ ನೆಪ ಹೇಳುತ್ತಾರೆ. ಶಿಫಾರಸು ಮಾಡಿದ ಗೆಳೆಯ ಇರುವುದು ಸುರತ್ಕಲ್ಲಿನಲ್ಲಿ, ನೀವಿರುವುದು ಪೈವಳಿಕೆಯಲ್ಲಿ. ಅವನಿಗೆ ಸಿಕ್ಕಿದ ಸರ್ವಿಸ್ ನಿಮಗೂ ಸಿಗುತ್ತದೆ ಅಂತ ಇಲ್ಲ. "ಗಡಿ ಈಚೆ ಯಾರ ಮನೆಗಾದರೂ ಸರ್ವಿಸಿಗೆ ಬಂದಿದ್ದೀರಾ?" ಅಂತ ಕೇಳಿ, ಆ ಮನೆಯವರಿಗೆ ಫೋನ್ ಮಾಡಿ.

ಫ್ರಿಜ್, ಎಸಿ, ಇನ್ವರ್ಟರ್‌ನಂಥ ಸಾಮಾನಿಗೆ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಜಿಲ್ಲೆಯ ಪಿನ್‌ಕೋಡ್ 671ರಿಂದ ಶುರು, ಮಂಗಳೂರಿನದ್ದು 575ರಿಂದ. ಕಂಪನಿಗೆ ದೂರು ಕೊಟ್ಟಾಗ ಅವರು ನೋಡುವುದು ನಿಮ್ಮ ಪಿನ್‌ಕೋಡ್, ಅಂಗಡಿ ಇರುವ ಊರನ್ನಲ್ಲ. ಕೊಳ್ಳುವ ಮೊದಲೇ ಕಸ್ಟಮರ್ ಕೇರಿಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡಿಗೆ ಸರ್ವಿಸ್ ಎಲ್ಲಿಂದ ಬರುತ್ತದೆ ಅಂತ ಕೇಳಿಕೊಳ್ಳಿ.

ಹಂತ 9: ಮಾತು ಬರಹಕ್ಕೆ ಇಳಿಯಲಿ, ದುಡ್ಡು ಕಂತಿನಲ್ಲಿ ಹೋಗಲಿ

ಗೆಳೆಯರ ಮೂಲಕ ಬಂದವರಲ್ಲಿ ಕಾಗದ ಕೇಳಲು ನಮಗೆ ಸಂಕೋಚ. ಸ್ಟಾಂಪ್ ಪೇಪರ್ ಏನೂ ಬೇಡ. ಮಾತಾದ ಮೇಲೆ ನೀವೇ ಒಂದು ವಾಟ್ಸಾಪ್ ಮೆಸೇಜ್ ಹಾಕಿ: "ಇವತ್ತು ಮಾತಾಡಿದ ಹಾಗೆ, ಕೆಲಸ ಇದು, ಸಾಮಾನು ಇಂಥ ಕಂಪನಿಯದ್ದು, ಒಟ್ಟು ಇಷ್ಟು, ಇಂಥ ದಿನ ಶುರು, ಇಷ್ಟು ದಿನದಲ್ಲಿ ಮುಗಿಸುವುದು. ಸರಿ ಅಲ್ವಾ?" ಅವರು "ಓಕೆ" ಅಂತ ಹಾಕಿದರೆ ಅದೇ ದಾಖಲೆ.

ಅವರು ಕೊಟ್ಟ ಎಸ್ಟಿಮೇಟ್ ಮಲಯಾಳದಲ್ಲಿದ್ದರೆ ಓದಲು ಬಾರದೆ ತಲೆಯಾಡಿಸಬೇಡಿ. ನಮ್ಮಲ್ಲಿ ಮಲಯಾಳ ಮಾತಾಡುವವರು ಬಹಳ, ಓದುವವರು ಕಡಿಮೆ. ಗೂಗಲ್ ಲೆನ್ಸಿನಲ್ಲಿ ಫೋಟೋ ಹಿಡಿದರೆ ಕನ್ನಡದಲ್ಲಿ ಸುಮಾರಾಗಿ ತಿಳಿಯುತ್ತದೆ. ಅಥವಾ "ಚೇಟ್ಟಾ, ಇದನ್ನೇ ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿ" ಅಂತ ಕೇಳಿ.

ಸಾಮಾನನ್ನು ಆದಷ್ಟು ನೀವೇ ಅಂಗಡಿಯಿಂದ ತನ್ನಿ, ಬಿಲ್ ನಿಮ್ಮ ಹೆಸರಿನಲ್ಲಿರಲಿ. ಆಗ ಅಡ್ವಾನ್ಸ್ ಕೇಳಲು ಅವರಿಗೂ ಜಾಸ್ತಿ ಕಾರಣ ಇರುವುದಿಲ್ಲ. ಕೂಲಿಯನ್ನು ಕೆಲಸ ಮುಗಿದ ಭಾಗಕ್ಕೆ ಮಾತ್ರ ಕೊಡುತ್ತಾ ಹೋಗಿ. ಹತ್ತರಲ್ಲಿ ಒಂದು ಪಾಲು ಪರೀಕ್ಷೆ ಮುಗಿಯುವವರೆಗೆ ಕೈಯಲ್ಲಿರಲಿ, ಇದನ್ನು ಶುರುವಿನಲ್ಲೇ ಹೇಳಿ. ಟೆರೇಸ್ ಆದರೆ ನೀರು ಹೋಗುವ ಪೈಪಿಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ಕೆಳಗೆ ನೋಡುವುದೇ ಪರೀಕ್ಷೆ.

ದೊಡ್ಡ ಕೆಲಸಕ್ಕೆ ಮೊದಲು ಒಂದು ಸಣ್ಣ ಕೆಲಸ ಕೊಟ್ಟು ನೋಡುವುದು ಇನ್ನೂ ಒಳ್ಳೆಯದು. ಮನೆ ಪೂರ್ತಿ ವಯರಿಂಗಿಗೆ ಮೊದಲು ದನದ ಕೊಟ್ಟಿಗೆಗೆ ಒಂದು ಲೈಟ್ ಹಾಕಿಸಿ. ಬಂದ ಹೊತ್ತು, ಮಾಡಿದ ರೀತಿ, ಹೋಗುವಾಗ ಕಸ ಗುಡಿಸಿದರಾ ಇಲ್ಲವಾ, ಎಲ್ಲ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಈ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ

ಜಾಗ ನೋಡದೆ ಫೋನಿನಲ್ಲೇ ರೇಟ್ ಹೇಳಿ, "ಇವತ್ತೇ ಅಡ್ವಾನ್ಸ್ ಹಾಕಿದರೆ ಈ ರೇಟ್" ಅನ್ನುವವರು. ನಾಲ್ಕು ಜನ ಹೇಳಿದ ರೇಟಿನ ಅರ್ಧಕ್ಕೆ ಒಪ್ಪುವವರು. ಮೊದಲು ಮಾಡಿದ ಒಂದು ಮನೆಯ ಹೆಸರನ್ನೂ ಹೇಳಲು ಒಲ್ಲದವರು. ಬೇರೆ ಯಾರದ್ದೋ ಖಾತೆಗೆ ದುಡ್ಡು ಹಾಕಲು ಹೇಳುವವರು.

ದುಡ್ಡು ವಾಪಸ್ ಕೊಡುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅದು ಮೋಸವೇ. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು.

ಗೆಳೆಯರ ಹೆಸರಿನಲ್ಲೇ ಮೆಸೇಜ್ ಬಂದಿದೆ, ಆದರೆ ಮಾತಿನ ಧಾಟಿ ಅವರದ್ದಲ್ಲ ಅನಿಸಿದರೆ ಫೋನ್ ಮಾಡಿ ಧ್ವನಿ ಕೇಳಿ. ಖಾತೆಯನ್ನೇ ಕದ್ದು, ಅದರಿಂದ "ಇವರು ನನಗೆ ಗೊತ್ತು, ಅಡ್ವಾನ್ಸ್ ಹಾಕು" ಅಂತ ಕಳಿಸುವವರಿದ್ದಾರೆ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಕೆಲಸ ಕೆಟ್ಟರೆ

ಮೊದಲು ಕೆಲಸದವರಿಗೇ ಫೋಟೋ ಸಮೇತ ಮೆಸೇಜ್, ಒಂದು ತಾರೀಕು ಕೊಟ್ಟು. ಆಮೇಲೆ ಶಿಫಾರಸು ಮಾಡಿದವರಿಗೆ ತಿಳಿಸಿ. ಜಗಳಕ್ಕಲ್ಲ, ಅವರ ಒಂದು ಫೋನಿಗೆ ಎಷ್ಟೋ ಸಲ ಕೆಲಸದವರು ಮರುದಿನವೇ ಬರುತ್ತಾರೆ.

ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಮುಂದೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ದೂರು ಕೊಡಬೇಕು. ಗಡಿಯವರಿಗೆ ಮುಖ್ಯವಾದ್ದು ಒಂದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಮಂಗಳೂರಿನದ್ದಾದರೂ ಕಾಸರಗೋಡಿನಲ್ಲೇ ಕೇಸ್ ಹಾಕಬಹುದು. ಹಂತ 9ರಲ್ಲಿ ಹಾಕಿದ ಮೆಸೇಜು, ಬಿಲ್ಲು, ಯುಪಿಐ ರಸೀದಿ ಆಗ ಕೆಲಸಕ್ಕೆ ಬರುತ್ತವೆ. ಚಾಟ್ ಅಳಿಸಬೇಡಿ.

ಹಂತ 10: ಗ್ರೂಪಿಗೆ ವಾಪಸ್ ಹೇಳಿ

ಈ ಹಂತವನ್ನು ಬಹುತೇಕ ಯಾರೂ ಮಾಡುವುದಿಲ್ಲ. ಅದಕ್ಕೇ ಮುಂದಿನ ವರ್ಷ ಇನ್ನೊಬ್ಬರು ಅದೇ ಪ್ರಶ್ನೆ ಕೇಳಿ ಅದೇ ಆರು ನಂಬರ್ ಪಡೆಯುತ್ತಾರೆ.

ಕೆಲಸದವರನ್ನು ಕೇಳಿ, ಅವರು ಒಪ್ಪಿದರೆ ನಂಬರ್ ಸಮೇತ ಬರೆಯಿರಿ. ಯಾವ ಕೆಲಸ, ಎಷ್ಟು ದಿನ, ಎಷ್ಟು ಖರ್ಚು, ಏನು ಚೆನ್ನಾಗಿತ್ತು, ಏನು ಸಾಲದಾಯಿತು. ಬೈಗುಳ ಬೇಡ, ನಡೆದದ್ದು ಮಾತ್ರ. "ಮೋಸಗಾರ" ಅಂತ ಬರೆದರೆ ಗ್ರೂಪಿನಲ್ಲಿ ಜಗಳ ಆಗುತ್ತದೆ. "ಹೇಳಿದ್ದು 12 ಸಾವಿರ, ಕೊನೆಗೆ ಕೊಟ್ಟದ್ದು 19 ಸಾವಿರ" ಅಂತ ಬರೆದರೆ ಓದಿದವರಿಗೆ ಅರ್ಥವಾಗುತ್ತದೆ.

ಫೋನಿನಲ್ಲಿ ನಂಬರ್ ಸೇವ್ ಮಾಡುವಾಗಲೂ ಬರೀ ಹೆಸರು ಹಾಕಬೇಡಿ. 'ಟೆರೇಸ್ – ಪೆರ್ಲ – ಅತ್ತಿಗೆ ಹೇಳಿದ್ದು – ಜನವರಿ' ಅಂತ ಹಾಕಿ. ಮುಂದೆ ಯಾರಾದರೂ ಕೇಳಿದಾಗ ನಂಬರ್ ಒಂದೇ ಹೋಗುವುದಿಲ್ಲ, ಅದರ ಬೇರೂ ಜೊತೆಗೆ ಹೋಗುತ್ತದೆ.

ಟೆರೇಸ್ ಕೆಲಸವಾದರೆ ಇನ್ನೂ ಒಂದು ಮೆಸೇಜ್ ಬಾಕಿ ಇದೆ. ಜೂನಿನಲ್ಲಿ ಮೊದಲ ಜೋರು ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಅಡುಗೆಮನೆಯ ಮೂಲೆ ನೋಡಿ. ಬೆಳಿಗ್ಗೆ ನಿಮ್ಮ ಹಳೆ ಮೆಸೇಜಿಗೇ ರಿಪ್ಲೈ ಹಾಕಿ: "ಒಣಗಿದೆ." ಇಲ್ಲವೇ, "ಸೋರುತ್ತಿದೆ, ಫೋನ್ ಮಾಡಿದ್ದೇನೆ, ಬರ್ತೇನೆ ಅಂದಿದ್ದಾರೆ."